ತೊಳೆಯದ ಕೂಸು

ಮಾರ್ಚ್ 4, ಸೋಮವಾರ. ಬೆಳಿಗ್ಗೆ

ಬ್ಯಾಟರಿ ಚಾರ್ಜಿಗೆ ಇಟ್ಟೆ. ಲೆನ್ಸ್ ಒರೆಸಿದೆ. ಪಾಸ್‌ಪೋರ್ಟ್ ಫೋಟೋದ ಬಿಳಿ ಪರದೆ ಕೆಳಗಡೆ ಕೊಳೆಯಾಗಿದೆ, ಒಗೆಯಲು ಹಾಕಬೇಕು. ಗಿರಾಕಿ ಇನ್ನೂ ಇಲ್ಲ. ಗಿರಾಕಿ ಇಲ್ಲದಾಗ ಲೆಕ್ಕ ಹಾಕುತ್ತ ಕೂರುವುದು ನನ್ನ ಚಾಳಿ.

ಸೇತುವೆಯ ಆ ಒಂದು ಫೋಟೋಕ್ಕೆ ಈವರೆಗೆ ಬಿದ್ದ ಖರ್ಚು: ಭಾಮೈದನ ಕೆಲಸ. ಹೆಂಡತಿಯ ಮಾತು. ಭಾನುವಾರದ ಮಧ್ಯಾಹ್ನ ಅವನು ನಮ್ಮ ಮನೆಗೆ ಊಟಕ್ಕೆ ಬಂದು ಹರಟುತ್ತಿದ್ದದ್ದು. ಬ್ರೆಡ್ಡಿನವನ ಎಡಗಾಲನ್ನು ಇದರಲ್ಲಿ ಸೇರಿಸುವಂತಿಲ್ಲ. ಅದು ಗುಂಡಿಯ ಖಾತೆ, ಫೋಟೋದ್ದಲ್ಲ.

ಜಮೆ ಕಡೆ: ನನ್ನ ಹೆಸರು. ‘ಸ್ವಂತ ಭಾಮೈದ ಅಂತಲೂ ನೋಡಲಿಲ್ಲ, ಇದ್ದದ್ದನ್ನ ಇದ್ದ ಹಾಗೆ ಹೇಳಿದ್ರು’ ಎಂದು ಕಂಪನಿಯ ಎಂಜಿನಿಯರ್ ನಾಲ್ಕು ಜನರ ಮುಂದೆ ಹೊಗಳಿದ್ದು. ಆ ಫೋಟೋ ಈಗ ಅವರ ಕಚೇರಿಯ ಮುಂಬಾಗಿಲ ಹಾಲ್‌ನಲ್ಲಿ ಗಾಜು ಹಾಕಿಸಿಕೊಂಡು ಗೋಡೆ ತುಂಬ ನೇತಾಡುತ್ತಿದೆ.

ಜಮೆಯೇ ಜಾಸ್ತಿ. ಆದರೂ ಈ ಲೆಕ್ಕ ಮುಚ್ಚಲು ಕೈ ಬರುತ್ತಿಲ್ಲ…

ಮಾರ್ಚ್ 5, ಮಂಗಳವಾರ

ಬರೆದರೆ ತಲೆಯಿಂದ ಇಳಿಯಬಹುದು. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ತಿಂಗಳ ಮಾತು. ಹೊಸ ಸೇತುವೆಗೆ ಸೇರುವ ರಸ್ತೆಯಲ್ಲಿ ಕಂಪನಿಯವರು ಪೈಪು ಹೂಳಲು ಗುಂಡಿ ತೋಡಿದ್ದರು. ಅದಕ್ಕೆ ಕಾವಲು ನನ್ನ ಹೆಂಡತಿಯ ತಮ್ಮ. ಹೊತ್ತು ಮುಳುಗುವಾಗ ಗುಂಡಿಯ ಪಕ್ಕದ ಗೂಟಕ್ಕೆ ಕೆಂಪು ಬ್ಯಾಟರಿ ದೀಪ ನೇತುಹಾಕುವುದು ಅವನ ಕೆಲಸ. ಆ ಸಂಜೆ ಬ್ರೆಡ್ಡು ಮಾರುವವನು ಸೈಕಲ್ ಸಮೇತ ಗುಂಡಿಗೆ ಬಿದ್ದ. ಕಾಲು ಮುರಿಯಿತು. ಗೂಟವೂ ಮುರಿಯಿತು. ದೀಪ ಕೆಸರಿನಲ್ಲಿ ಚೂರುಚೂರಾಗಿ ಸಿಕ್ಕಿತು, ಸ್ವಿಚ್ಚು ಯಾವ ಕಡೆ ಇತ್ತೆಂದು ಹೇಳಲು ಸ್ವಿಚ್ಚೇ ಇರಲಿಲ್ಲ. ‘ಹಚ್ಚಿದ್ದೆ’ ಎಂದ ಇವನು. ‘ಹಚ್ಚಿರಲಿಲ್ಲ’ ಎಂದ ಎಂಜಿನಿಯರ್. ಹಚ್ಚಿದ್ದರೆ ತಪ್ಪು ಬೇಲಿ ಹಾಕದ ಕಂಪನಿಯದು. ಹಚ್ಚದಿದ್ದರೆ ಕಾವಲುಗಾರನದು. ವಿಷಯ ಇಷ್ಟೇ.

ಅದೇ ಸಂಜೆ ನಾನು ಆಚೆ ದಡದ ನೀರಿನ ಟ್ಯಾಂಕಿನ ಮೇಲೆ ಟ್ರೈಪಾಡ್ ಊರಿ ನಿಂತಿದ್ದೆ. ಕಂಪನಿಯ ಗೋಡೆಗೆ ಸೇತುವೆಯ ಫೋಟೋ ಬೇಕಿತ್ತು. ಅರ್ಧ ನಿಮಿಷ ಶಟರ್ ತೆರೆದಿಟ್ಟರೆ ಹೊಳೆ ಹಾಲಿನ ಹಾಗೆ ಬರುತ್ತದೆ, ಗಾಡಿಗಳ ದೀಪ ದಾರದ ಹಾಗೆ ಎಳೆದುಕೊಳ್ಳುತ್ತದೆ. ಹಾಗೇ ತೆಗೆದೆ. ಒಂದು ಮೂಲೆಯಲ್ಲಿ ಆ ಗುಂಡಿಯೂ ಬಿತ್ತು. ಬ್ರೆಡ್ಡಿನವನು ಬೀಳುವುದಕ್ಕೆ ಸ್ವಲ್ಪ ಮುಂಚಿನ ಹೊತ್ತು — ಫೈಲಿನ ಮೇಲೆ ಸಮಯ ಅಚ್ಚಾಗಿದೆ. ಬೀದಿದೀಪಗಳೆಲ್ಲ ಇವೆ. ಗುಂಡಿಯ ಬಳಿ ಬರೀ ಕತ್ತಲೆ.

ನನ್ನನ್ನು ಯಾರೂ ಕೇಳಿರಲಿಲ್ಲ. ಮುಳ್ಳು ಇರುವುದು ಅಲ್ಲಿಯೇ. ನಾನಾಗಿಯೇ ಲ್ಯಾಪ್‌ಟಾಪ್ ಕಂಕುಳಲ್ಲಿಟ್ಟುಕೊಂಡು ವಿಚಾರಣೆಗೆ ಹೋದೆ. ಮುಖ ನೋಡಿ ಮಣೆ ಹಾಕುವವನಲ್ಲ ಎಂದು ಜನ ಅನ್ನಲಿ ಅಂತ.

ವಿಚಾರಣೆಯ ಅಧಿಕಾರಿ ಕನ್ನಡಕದ ಮೇಲಿಂದ ನೋಡಿದರು. “ಕಂಪ್ಯೂಟರಲ್ಲಿ ಏನು ಬೇಕಾದ್ರೂ ಅಳಿಸಬಹುದಂತಲ್ಲ?”

ನಾನು ಕಾಯುತ್ತಿದ್ದ ಪ್ರಶ್ನೆಯೇ ಅದು. “ಸಾರ್, ನೀವು ಮೊಬೈಲಲ್ಲಿ ನೋಡೋ ಫೋಟೋ ಇದೆಯಲ್ಲ, ಅದು ಸ್ನಾನ ಮಾಡಿಸಿ, ಪೌಡರ್ ಬಳಿದು, ಬಟ್ಟೆ ತೊಡಿಸಿ ತಂದ ಮಗು. ಇದು ರಾ ಫೈಲು. ಈಗಿನ್ನೂ ಹುಟ್ಟಿದ ಕೂಸು. ತೊಳೆದೇ ಇಲ್ಲ. ಬೆಳಕು ಏನು ಬಂತೋ ಅದೇ ಒಳಗಿದೆ, ಒಂದು ಚುಕ್ಕೆ ಹೆಚ್ಚಿಲ್ಲ, ಒಂದು ಚುಕ್ಕೆ ಕಮ್ಮಿ ಇಲ್ಲ.”

ನಕ್ಕರು. ಎಂಜಿನಿಯರ್ ಮೇಜು ತಟ್ಟಿದ. ಭಾಮೈದ ಮಾತ್ರ ಅಧಿಕಾರಿಯ ಕಡೆ ನೋಡದೆ ನನ್ನ ಕಡೆಯೇ ನೋಡಿ, “ಹಚ್ಚಿದ್ದೆ, ಭಾವ” ಎಂದ. ಒಂದೇ ಸಲ.

ಅವನಿಗೆ ‘ತೂಕಡಿಕೆ’ ಎಂದು ಅಡ್ಡಹೆಸರು. ಕೂತಲ್ಲೇ ನಿದ್ದೆ ಹೋಗುವವನು. ಆ ಹೆಸರು ಕೇಳಿದ ಮೇಲೆ ಅವನು ದೀಪ ಹಚ್ಚಿದ್ದ ಎಂದು ಯಾರು ನಂಬುತ್ತಾರೆ? ಹೆಸರಿಟ್ಟವನು ನಾನೇ. ಮದುವೆಯಾದ ಹೊಸತರಲ್ಲಿ, ತಮಾಷೆಗೆ.

ಮಾರ್ಚ್ 6

ಹೆಂಡತಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಹೇಳಬೇಕಾದ್ದನ್ನು ಬೆಕ್ಕಿಗೆ ಹೇಳುತ್ತಾಳೆ.

“ಊಟ ಆಗಿದೆ ಪುಟ್ಟಿ, ಹಸಿದವರು ಬಂದು ಬಡಿಸ್ಕೊಳ್ಳಲಿ.”

ನಾನೂ ಬೆಕ್ಕಿಗೇ ಹೇಳಿದೆ: “ಪುಟ್ಟಿ, ಸತ್ಯ ಹೇಳಿದ್ದು ತಪ್ಪಾ?”

“ಪುಟ್ಟಿ, ನನ್ನ ತಮ್ಮ ಸೋಮಾರಿ, ಒಪ್ಕೋತೀನಿ. ಸುಳ್ಳುಗಾರ ಅಲ್ಲ. ಹಚ್ಚಿದ್ದೆ ಅಂದ್ರೆ ಹಚ್ಚಿರ್ತಾನೆ. ಯಂತ್ರದ ಮಾತು ಕೇಳಿ ಮನುಷ್ಯನ್ನ ಮಾರ್ಕೊಂಡೋರಿಗೆ ಇದೆಲ್ಲ ಅರ್ಥ ಆಗಲ್ಲ ಬಿಡು.”

ಬೆಕ್ಕು ಎದ್ದು ಹೋಯಿತು. ಅದಕ್ಕೂ ಈ ಪಂಚಾಯ್ತಿ ಸಾಕಾಗಿದೆ.

ಮಾರ್ಚ್ 8, ಶುಕ್ರವಾರ. ಮಧ್ಯಾಹ್ನ

ಹೋದ ವಾರ ಫೋಟೋ ತೆಗೆಸಿಕೊಂಡಿದ್ದ ನರ್ಸಮ್ಮ ಉರಿಯುತ್ತ ಬಂದರು. ಫೋಟೋವನ್ನು ಕೌಂಟರಿನ ಮೇಲೆ ಬಡಿದರು.

“ನನ್ನ ಮಚ್ಚೆ ಎಲ್ರೀ?”

ಎಡಗೆನ್ನೆಯ ಮೇಲೆ ಮಚ್ಚೆ ಇದೆ. ಫೋಟೋದಲ್ಲಿ ಇಲ್ಲ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಗುರುತು ಎಂದು ಬರೆದಿರುವುದು ಅದೊಂದನ್ನೇ. ಕಚೇರಿಯವರು ‘ಇದು ನೀವಲ್ಲ’ ಎಂದು ಹಿಂದಕ್ಕೆ ಕಳಿಸಿದ್ದಾರೆ.

ಕಂಪ್ಯೂಟರಿನ ಮುಂದೆ ಕೂತು ಫೋಟೋ ತಿದ್ದುವ ಟಚಪ್ ಅಕ್ಕನನ್ನು ಕರೆದೆ. “ಏನಕ್ಕಾ ಇದು?”

“ನೀವೇ ಹೇಳಿರೋದಲ್ವಾ? ಮುಖದ ಮೇಲೆ ಒಂಟಿ ಚುಕ್ಕೆ ಕಂಡ್ರೆ ಕೇಳ್ಬೇಡ, ಒರೆಸ್ಬಿಡು ಅಂತ. ಮೊಡವೆ ಯಾವುದು ಮಚ್ಚೆ ಯಾವುದು ನಂಗೇನು ಗೊತ್ತು?”

ನರ್ಸಮ್ಮ ನನ್ನನ್ನು ನೋಡಿ, “ಹುಟ್ಟಿದಾಗಿಂದ ಇದೆ ಕಣ್ರೀ. ನೀವು ಯಾರು ತೆಗೆಯೋಕೆ?” ಎಂದರು.

ಬೇರೆ ತೆಗೆದುಕೊಟ್ಟೆ. ಕ್ಷಮೆ ಕೇಳಿದೆ. ನಾಲಿಗೆಯ ಮೇಲಿಂದಲೇ.

ಮಾರ್ಚ್ 12, ಮಂಗಳವಾರ

ಕಂಪನಿಯಿಂದ ಇನ್ನೊಂದು ಕೆಲಸ. ಸೇತುವೆಗೆ ಹೊಸ ದೀಪ ಬಂದಿವೆ, ಮತ್ತೆ ಅದೇ ಜಾಗದಿಂದ ಫೋಟೋ ಬೇಕು. ನಿನ್ನೆ ಸಂಜೆ ಟ್ಯಾಂಕ್ ಹತ್ತಿದೆ. ಮಂಡಿ ಹಿಡಿದುಕೊಳ್ಳುತ್ತಿದೆ, ಮೊದಲಿನ ಹಾಗಿಲ್ಲ.

ಗುಂಡಿ ಇನ್ನೂ ಮುಚ್ಚಿಲ್ಲ. ಹೊಸ ಕಾವಲುಗಾರ ಬಂದಿದ್ದಾನೆ. ಹೊಸ ಗೂಟ, ಹೊಸ ದೀಪ. ಕತ್ತಲಾಗುತ್ತಿದ್ದಂತೆ ಹಚ್ಚಿದ. ಟ್ಯಾಂಕಿನ ಮೇಲಿಂದ ಬರಿಗಣ್ಣಿಗೆ ಕಂಡಿತು. ಸಾಸಿವೆಯಷ್ಟು ಕೆಂಪು. ‘ನೋಡು ತೂಕಡಿಕೆ, ಹಚ್ಚುವವನು ಹೀಗೆ ಹಚ್ಚುತ್ತಾನೆ’ ಎಂದು ಗಟ್ಟಿಯಾಗಿಯೇ ಅಂದೆ. ಮೇಲೆ ಕೇಳುವವರು ಯಾರೂ ಇರಲಿಲ್ಲ, ನಾಲ್ಕು ಪಾರಿವಾಳ ಬಿಟ್ಟರೆ.

ಅರ್ಧ ನಿಮಿಷದ್ದು ಐದಾರು ತೆಗೆದು ಇಳಿದೆ.

ಇವತ್ತು ಬೆಳಿಗ್ಗೆ ಕಂಪ್ಯೂಟರಿಗೆ ಹಾಕಿದೆ. ಹೊಳೆ ಹಾಲು. ಸೇತುವೆಯ ದೀಪ ಸರಿಯಾಗಿವೆ. ಅಭ್ಯಾಸಬಲ — ಗುಂಡಿಯ ಕಡೆ ದೊಡ್ಡದು ಮಾಡಿ ನೋಡಿದೆ.

ಕತ್ತಲೆ.

ಇನ್ನೂ ದೊಡ್ಡದು ಮಾಡಿದೆ. ಚೌಕ ಚೌಕ ಕಾಣುವಷ್ಟು. ಇಲ್ಲ. ಆರು ಫೈಲಿನಲ್ಲೂ ಇಲ್ಲ. ಹುಟ್ಟಿದ ಕೂಸು, ತೊಳೆಯದ್ದು… ನನ್ನ ಕಣ್ಣಾರೆ ಕಂಡ ದೀಪ ಅದರಲ್ಲಿ ಇಲ್ಲ.

ಟಚಪ್ ಅಕ್ಕನನ್ನು ಕರೆಯಲು ಬಾಯಿ ತೆರೆದೆ. ಕರೆಯಲಿಲ್ಲ.

ಮಾರ್ಚ್ 13

ನಿನ್ನೆ ಸಂಜೆ ಮತ್ತೆ ಹೋದೆ. ಯಾರಿಗೂ ಹೇಳಲಿಲ್ಲ. ಹೊಸ ಕಾವಲುಗಾರ ದೀಪ ಹಚ್ಚುವುದನ್ನೇ ಕಾದು ನಿಂತೆ. ಶಟರ್ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತ ತೆಗೆದೆ. ಎರಡು ಸೆಕೆಂಡು: ಚಿತ್ರ ಕಪ್ಪು, ದೀಪ ಇದೆ. ಮೂರು: ಇದೆ. ಎಂಟು: ಇಲ್ಲ. ಹದಿನೈದು: ಇಲ್ಲ. ಮತ್ತೆ ಎರಡಕ್ಕೆ ಬಂದೆ: ಇದೆ. ಹೆಚ್ಚು ಹೊತ್ತು ನೋಡಿದಷ್ಟೂ ಕಡಿಮೆ ಕಾಣುವ ಕಣ್ಣು ಯಾವುದಪ್ಪ ಇದು?

ಬೆಳಿಗ್ಗೆ ಕ್ಯಾಮೆರಾ ರಿಪೇರಿಯವನಿಗೆ ಫೋನ್ ಮಾಡಿದೆ.

“ಅದಾ? ಗೊತ್ತಿರೋದೇ ಸಾರ್. ಜಾಸ್ತಿ ಹೊತ್ತು ತೆರೆದಿಟ್ರೆ ಸೆನ್ಸರ್ ಬಿಸಿ ಆಗುತ್ತೆ. ಅಲ್ಲೊಂದು ಇಲ್ಲೊಂದು ಸುಳ್ಳು ಚುಕ್ಕೆ ಹುಟ್ಕೊಳ್ಳುತ್ತೆ, ಕೆಂಪು, ನೀಲಿ. ಅದಕ್ಕೆ ನಿಮ್ಮ ಮಾಡೆಲ್ ಏನ್ಮಾಡುತ್ತೆ ಅಂದ್ರೆ, ಅಕ್ಕಪಕ್ಕ ಎಲ್ಲಾ ಕತ್ತಲೆ ಇದ್ದು ನಡುವೆ ಒಂದೇ ಒಂದು ಚುಕ್ಕೆ ಹೊಳೀತಿದ್ರೆ, ಇದೂ ಸುಳ್ಳೇ ಅಂದ್ಕೊಂಡು ಅಳಿಸ್ಬಿಡುತ್ತೆ.”

“ಅದು ಸಾಮಾನ್ಯ ಫೋಟೋಕ್ಕೆ ತಾನೆ? ನಾನು ರಾ ತೆಗೀತೀನಿ.”

“ರಾ ಅಂತ ಕಾರ್ಡಿಗೆ ಬರೆಯೋಕೆ ಮುಂಚೇನೇ ಅಳಿಸಿರುತ್ತೆ ಸಾರ್. ನಕ್ಷತ್ರ ತೆಗೆಯೋರು ಬಾಯಿಗೆ ಬಂದ ಹಾಗೆ ಬೈತಾರೆ. ಸಣ್ಣ ನಕ್ಷತ್ರ ಎಲ್ಲಾ ತಿಂದುಹಾಕುತ್ತೆ ಅಂತ.”

“ಬೀದಿದೀಪ ಬಿಟ್ಟಿದೆಯಲ್ಲ?”

“ದೊಡ್ಡದಾಗಿ ಹರಡ್ಕೊಂಡಿರೋದನ್ನ ಮುಟ್ಟಲ್ಲ. ಒಂಟಿ ಇದ್ರೇನೇ ಅದಕ್ಕೆ ಅನುಮಾನ.”

“ನಿಲ್ಲಿಸೋಕೆ ಬಟನ್?”

“ಇಲ್ಲ ಸಾರ್. ಅದು ನಿಮ್ಮನ್ನ ಕೇಳಿ ಮಾಡೋದಲ್ಲ.”

ಫೋನ್ ಇಟ್ಟೆ. ಕೂಸನ್ನು ಸೂಲಗಿತ್ತಿ ತೊಳೆದೇ ಕೈಗೆ ಕೊಟ್ಟಿದ್ದಾಳೆ. ನಾನು ಊರ ಮುಂದೆ ನಿಂತು ‘ಇನ್ನೂ ತೊಳೆದಿಲ್ಲ’ ಎಂದು ಆಣೆ ಮಾಡಿದೆ.

ಮಾರ್ಚ್ 14, ಗುರುವಾರ

ಒಂದು ಆಸೆ ಉಳಿದಿತ್ತು. ಹಾಗೆ ಆಗುತ್ತದೆ ಎಂದ ಮಾತ್ರಕ್ಕೆ ಆ ದಿನವೂ ಹಾಗೇ ಆಗಿತ್ತು ಎನ್ನಲಾದೀತೇ? ಅವನು ನಿಜಕ್ಕೂ ಹಚ್ಚಿರಲಿಲ್ಲವೇನೋ. ಆಸೆ ಎಂದು ಬರೆದಿದ್ದೇನೆ. ಭಾಮೈದ ತಪ್ಪಿತಸ್ಥನೇ ಆಗಿರಲಿ ಎನ್ನುವುದು ನನ್ನ ಆಸೆ. ಅಳಿಸುವುದಿಲ್ಲ, ಇರಲಿ.

ಟ್ರೈಪಾಡ್ ಊರಿದ ಮೇಲೆ ಓರೆ ಇದೆಯೇ ನೋಡಲು ಮೊದಲು ಒಂದು ಪುಟ್ಟದು ತೆಗೆಯುತ್ತೇನೆ, ಎರಡು ಸೆಕೆಂಡಿನದು. ಯಾವತ್ತೂ ತೆರೆದು ನೋಡುವುದಿಲ್ಲ. ಅಡುಗೆಗೆ ಮುಂಚೆ ಬಾಣಲೆಗೆ ಹನಿ ನೀರು ಚಿಮುಕಿಸಿ ನೋಡುವ ಹಾಗೆ. ಹಳೆಯ ಕಾರ್ಡು ಡಬ್ಬಿಯಲ್ಲೇ ಇತ್ತು.

ಕಪ್ಪು ಚಿತ್ರ. ಓರೆಯಾಗಿದೆ. ದೊಡ್ಡ ಚಿತ್ರಕ್ಕಿಂತ ಎರಡು ನಿಮಿಷ ಮೊದಲಿನದು.

ಗುಂಡಿಯ ಪಕ್ಕ ಒಂದು ಕೆಂಪು ಚುಕ್ಕೆ.

ಹಚ್ಚಿದ್ದ.

ಮಾರ್ಚ್ 15

ನಾಳೆ ಹೇಳುತ್ತೇನೆ.

ಮಾರ್ಚ್ 18

ಕಂಪನಿಗೆ ಹೊಸ ಫೋಟೋಗಳನ್ನು ತಲುಪಿಸಿದೆ. ಎಂಜಿನಿಯರ್ ಕಾಫಿ ತರಿಸಿದ. ಹೇಳಲು ಸರಿಯಾದ ಹೊತ್ತು ಅದಲ್ಲ ಅನ್ನಿಸಿತು. ಹಿಂದಿರುಗುವಾಗ ಹಾಲ್‌ನ ಗೋಡೆ ನೋಡದೆ ಬಂದೆ. ಬಾಗಿಲು ಹುಡುಕಲು ಬೇಕಾದಷ್ಟೇ ಕಣ್ಣು ತೆರೆದಿದ್ದೆ.

ಮಾರ್ಚ್ 24, ಭಾನುವಾರ

ಫೋಟೋಗ್ರಾಫರುಗಳ ಸಂಘದಲ್ಲಿ ನನ್ನ ಭಾಷಣ. ಎರಡು ತಿಂಗಳ ಹಿಂದೆಯೇ ಒಪ್ಪಿಕೊಂಡದ್ದು. ವಿಷಯ: ‘ರಾ — ಕಲಬೆರಕೆಯಿಲ್ಲದ ಸತ್ಯ’. ಬ್ಯಾನರೂ ಕಟ್ಟಿದ್ದರು.

ಹೋಗಬಾರದಿತ್ತು. ಹೋದೆ. ಹೋದ ಮೇಲೆ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಮೈಕು ಕೈಗೆ ಬಂದರೆ ನನ್ನ ಬಾಯಿ ತಾನೇ ನಡೆಯುತ್ತದೆ, ಎತ್ತು ಮನೆ ದಾರಿ ಹಿಡಿದ ಹಾಗೆ. ಕತ್ತಲೆಕೋಣೆಯಲ್ಲಿ ಫೋಟೋ ತೊಳೆಯುತ್ತಿದ್ದವನು ಸ್ವಂತ ಸ್ಟುಡಿಯೋ ಹಾಕಿದ್ದನ್ನು ಹೇಳಿದೆ. ಕೂಸಿನ ಮಾತೂ ಹೇಳಿದೆ. ಚಪ್ಪಾಳೆ.

ಹಿಂದಿನ ಸಾಲಿನಿಂದ ಒಬ್ಬ ಟೀಚರಮ್ಮ ಎದ್ದರು. “ಒಂದು ಸಣ್ಣ ಅನುಮಾನ ಸಾರ್. ಕ್ಯಾಮೆರಾ ಒಳಗಡೆನೇ ಏನಾದ್ರೂ ಮಾಡಿ, ಆಮೇಲೆ ಅದನ್ನ ರಾ ಅಂತ ಬರೆಯೋ ಸಾಧ್ಯತೆ ಇಲ್ವಾ?”

ಸಭೆ ನನ್ನ ಕಡೆ ತಿರುಗಿತು. ತುದಿನಾಲಿಗೆಯಲ್ಲಿ ಉತ್ತರ ಇತ್ತು. ಲ್ಯಾಪ್‌ಟಾಪಿನಲ್ಲಿ ಸಾಕ್ಷಿಯೂ ಇತ್ತು.

“ಏನಮ್ಮಾ, ಹೆತ್ತ ತಾಯಿ ಮೇಲೇ ಅನುಮಾನ ಪಟ್ರೆ ಹೇಗೆ?” ಅಂದೆ.

ಹೋ ಎಂದು ನಕ್ಕರು. ಟೀಚರಮ್ಮ ಕೂತುಬಿಟ್ಟರು. ಕೆನ್ನೆ ಕೆಂಪಾಗಿತ್ತು. ಸರಿಯಾದ ಪ್ರಶ್ನೆ ಕೇಳಿದ ತಪ್ಪಿಗೆ.

ಮನೆಗೆ ಬಂದವನೇ ಮುಖ ತೊಳೆದೆ. ಮತ್ತೆ ತೊಳೆದೆ.

ಮಾರ್ಚ್ 31, ಭಾನುವಾರ. ಬೆಳಿಗ್ಗೆ

ಕ್ಯಾಮೆರಾ ಹೋಗಲಿ, ಪೆನ್ನು ಹಿಡಿಯಲೂ ನಾಚಿಕೆಯಾಗುತ್ತಿತ್ತು ಇಷ್ಟು ದಿನ. ಇವತ್ತು ಬರೆಯದೆ ವಿಧಿಯಿಲ್ಲ.

ಹಾಲು ತರಲು ಹೋಗಿದ್ದೆ. ಹಿಂದಿನಿಂದ ಬ್ರೆಡ್ಡಿನ ಸೈಕಲ್ಲಿನ ಗಂಟೆ. ಓಹೋ, ಬ್ರೆಡ್ಡಿನವನ ಕಾಲು ನೆಟ್ಟಗಾಯಿತೇ ಎಂದು ತಿರುಗಿದೆ. ಸೈಕಲ್ ತಳ್ಳುತ್ತಿದ್ದವನು ನನ್ನ ಭಾಮೈದ.

“ಏನೋ ಇದು?”

“ಅವ್ರು ಇನ್ನೂ ಎದ್ದಿಲ್ಲ ಭಾವ. ಒಂದಿಷ್ಟು ದಿನ ಮನೆಮನೆ ಲೈನು ತಪ್ಪಿದ್ರೆ ಗಿರಾಕಿ ಬೇರೆ ಕಡೆ ಹೋಗ್ಬಿಡ್ತಾರೆ. ಅದಕ್ಕೆ ಬೆಳಗಿನ ಲೈನು ನಾನು ಮಾಡ್ತಿದೀನಿ.”

“ನಿನಗೇನು ಕೊಡ್ತಾನೆ?”

“ನಾನು ಅವರಿಂದ ಈಸ್ಕೊಳ್ಳೋದಾ?” ಎಂದು ನನ್ನನ್ನೇ ವಿಚಿತ್ರವಾಗಿ ನೋಡಿದ. ಆಮೇಲೆ ಬ್ರೆಡ್ಡಿನ ಮೇಲೆ ಹೊದಿಸಿದ್ದ ಬಟ್ಟೆ ಸರಿ ಮಾಡುತ್ತ ಹೇಳಿದ: “ನಾನೇ ಹಚ್ಚಿರಲಿಲ್ಲ ಅನ್ಸುತ್ತೆ ಭಾವ. ಹಚ್ಚಿದ್ದು ಚೆನ್ನಾಗಿ ನೆನಪಿದೆ. ಸ್ವಿಚ್ಚು ಗಟ್ಟಿ ಇತ್ತು, ಹೆಬ್ಬೆಟ್ಟಿನ ಉಗುರು ನೊಂದಿತ್ತು. ಆದ್ರೆ ಅದು ಹಿಂದಿನ ದಿನದ್ದಿರಬೇಕು. ತೂಕಡಿಸ್ಕೊಂಡು ಕನಸು ಕಂಡಿದ್ನೋ ಏನೋ. ನಿಮ್ಮ ಫೋಟೋ ಸುಳ್ಳು ಹೇಳಲ್ವಲ್ಲ.”

ಹಾಲಿನ ಪಾತ್ರೆ ಕೈಯಲ್ಲಿ ಭಾರವಾಯಿತು.

“ಕಂಪನಿಯೋರು ಕಾಗದ ತಂದಿದ್ರು,” ಅಂದ. “ಸಹಿ ಹಾಕ್ಬಿಟ್ಟೆ. ತಪ್ಪು ನಂದೇ ಅಂತ. ಹಾಕಿದ ಮೇಲೆ ಸ್ವಲ್ಪ ಹಗುರ ಆಯ್ತು.”

“ಯಾವಾಗ?”

“ಹೋದ ಸೋಮವಾರ.”

ಭಾಷಣದ ಮಾರನೆಯ ದಿನ.

ಗಂಟೆ ಬಾರಿಸುತ್ತ ಹೋದ. ನಾನು ‘ನಿಲ್ಲೋ’ ಅನ್ನಲಿಲ್ಲ. ರಸ್ತೆಯ ನಡುವೆ ಹಾಲು ಹಿಡಿದು ನಿಂತಿದ್ದೆ. ಅವನ ಕೆಲಸ ಕಳೆದೆ ಎಂದಷ್ಟೇ ಬರೆದುಕೊಂಡಿದ್ದೆನಲ್ಲ… ಅವನ ಹೆಬ್ಬೆಟ್ಟಿನ ನೋವನ್ನೂ ಅವನಿಂದ ಕಿತ್ತುಕೊಂಡಿದ್ದೇನೆ.

ಅದೇ ದಿನ. ಮಧ್ಯಾಹ್ನ

ಹೆಂಡತಿಗೆ ಹೇಳಿದೆ. ಬೆಕ್ಕಿಗಲ್ಲ, ಅವಳಿಗೇ. ಲ್ಯಾಪ್‌ಟಾಪ್ ಊಟದ ಮೇಜಿನ ಮೇಲಿಟ್ಟು ಎರಡೂ ಚಿತ್ರ ತೋರಿಸಿದೆ. ಚುಕ್ಕೆಯನ್ನು ಬಹಳ ಹೊತ್ತು ನೋಡಿದಳು.

“ಇದು ಯಾವಾಗ ಗೊತ್ತಾಯ್ತು ನಿಮಗೆ?”

“ಹದಿನಾಲ್ಕಕ್ಕೆ.”

“ಅವನು ಸಹಿ ಹಾಕಿದ್ದು ಇಪ್ಪತ್ತೈದಕ್ಕೆ.” ಸೆರಗಿನಿಂದ ಕೈ ಒರೆಸಿಕೊಂಡಳು. “ಇಷ್ಟು ವರ್ಷ ನಿಮ್ಮ ಜೊತೆ ಇದ್ದು ನಾನೂ ಲೆಕ್ಕ ಕಲ್ತಿದೀನಿ.”

ಕ್ಯಾಮೆರಾ ಮಾಡಿದ ತಪ್ಪಿಗೆ ನಾನೇನು ಮಾಡಲಿ ಎಂದು ಒಂದು ವಾದ ಸಿದ್ಧ ಮಾಡಿಟ್ಟುಕೊಂಡಿದ್ದೆ. ಆ ವಾದ ಹದಿನಾಲ್ಕನೆಯ ತಾರೀಖಿನವರೆಗೆ ಮಾತ್ರ ನಡೆಯುತ್ತದೆ. ಆಮೇಲಿನದ್ದು ಕ್ಯಾಮೆರಾದ ಖಾತೆಯಲ್ಲ.

“ಬಡಿಸ್ತೀನಿ, ಬನ್ನಿ” ಅಂದಳು. ಬೈದಿದ್ದರೆ ಊಟ ಇಳಿಯುತ್ತಿತ್ತು.

ಏಪ್ರಿಲ್ 2, ಮಂಗಳವಾರ

ಬ್ರೆಡ್ಡಿನವನ ಮನೆಗೆ ಹೋದೆ. ಒಂದೇ ಕೋಣೆ. ಕಾಲಿಗೆ ಪಟ್ಟಿ, ಮಂಚದ ಕೆಳಗೆ ಖಾಲಿ ಬ್ರೆಡ್ಡಿನ ಟ್ರೇಗಳು. ಭಾಮೈದ ಲೈನು ಮುಗಿಸಿ ಬಂದು ಟ್ರೇ ಒರೆಸುತ್ತ ಕೂತಿದ್ದ. ಇಬ್ಬರ ಮುಂದೆಯೂ ಲ್ಯಾಪ್‌ಟಾಪ್ ತೆರೆದೆ. ಮಾತು ಆಡಿ ಬದುಕಿದವನು ನಾನು, ಇವತ್ತು ಒಂದು ವಾಕ್ಯವೂ ನೆಟ್ಟಗೆ ಬರಲಿಲ್ಲ. ಚಿತ್ರದ ಮೇಲೆ ಬೆರಳಿಟ್ಟು “ನಿನ್ನ ದೀಪ” ಎಂದೆ.

ಭಾಮೈದ ಬಗ್ಗಿ ನೋಡಿದ. ಪರದೆಯ ಮೇಲೆ ಧೂಳು ಕೂತಿದೆ ಎಂದುಕೊಂಡನೋ ಏನೋ, ಅಂಗಿಯ ತುದಿಯಿಂದ ಒರೆಸಿದ. ಹೋಗಲಿಲ್ಲ. ಇನ್ನೊಮ್ಮೆ ಒರೆಸಿದ.

“ಉರೀತಿದೆ” ಅಂದ.

“ಹೂಂ.”

“ಹಾಗಾದ್ರೆ ಆ ದೊಡ್ಡ ಫೋಟೋ?”

ಹೇಳಿದೆ. ಒಂಟಿ ಚುಕ್ಕೆ ಕಂಡರೆ ಸುಳ್ಳೆಂದು ಅಳಿಸುವ ಯಂತ್ರದ ಬುದ್ಧಿ, ಅದನ್ನು ತಿಳಿಯದೆ ನಾನು ಆಡಿದ್ದು, ತಿಳಿದ ಮೇಲೂ ಬಾಯಿ ಮುಚ್ಚಿದ್ದು. ಕೊನೆಯದನ್ನು ಹೇಳುವಾಗ ಅವನ ಮುಖ ನೋಡಲಾಗಲಿಲ್ಲ. ಟ್ರೇ ನೋಡಿದೆ.

ಭಾಮೈದ ಹೆಬ್ಬೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

ಮಾತಾಡಿದವನು ಬ್ರೆಡ್ಡಿನವನು. “ಎದುರಿಂದ ಲಾರಿ ಲೈಟು ಕಣ್ಣಿಗೆ ಹೊಡೀತು, ನಂಗೆ ದೀಪಾನೂ ಕಾಣಲಿಲ್ಲ ಗುಂಡೀನೂ ಕಾಣಲಿಲ್ಲ ಅಂತ ಆಸ್ಪತ್ರೇಲೇ ಹೇಳಿದ್ದೆ ಸ್ವಾಮಿ. ಒಂದು ಬೇಲಿ ಇದ್ದಿದ್ರೆ ಬೇಲಿಗೆ ಗುದ್ದಿ ನಿಲ್ತಿದ್ದೆ. ಬರ್ಕೊಂಡೋಗ್ತೀವಿ ಅಂದ್ರು. ಅಷ್ಟ್ರಲ್ಲಿ ನಿಮ್ಮ ಫೋಟೋ ಬಂತು. ಆಮೇಲೆ ನನ್ನ ಕೇಳೋದೇ ಬಿಟ್ರು. ಫೋಟೋ ಇದ್ಮೇಲೆ ಮನುಷ್ಯ ಯಾಕೆ?”

ನಂತರ ಭಾಮೈದನ ಕಡೆ ತಿರುಗಿ, “ಅಲ್ಲಯ್ಯ, ಹಚ್ಚಿದ್ದೋನು ನೀನು, ಹಚ್ಚಿಲ್ಲ ಅಂತ ಸಹಿ ಹಾಕೋಕೆ ನಿಂಗೇನು ದೊಡ್ಡ ರೋಗ?” ಎಂದ.

“ಭಾವ ಹೇಳಿದ್ರಲ್ಲ” ಅಂದ ಇವನು.

ಬಯ್ಯಲಿಲ್ಲ. ಎರಡೇ ಮಾತು.

ಏಪ್ರಿಲ್ 5, ಶುಕ್ರವಾರ

ಕಂಪನಿಯ ಕಚೇರಿ. ಅಧಿಕಾರಿಗೆ ಮೊದಲೇ ಪತ್ರ ಕೊಟ್ಟಿದ್ದೆ, ನನ್ನ ಹೇಳಿಕೆ ತಪ್ಪು ಎಂದು. ಒಳಗಿನ ಕೋಣೆಯಲ್ಲಿ ಯಾರದೋ ಮೀಟಿಂಗು. ಹಾಲ್‌ನಲ್ಲೇ ಕೂರಿಸಿದರು, ಆ ಗೋಡೆಯ ಮುಂದೆಯೇ. ನಾನು, ಭಾಮೈದ, ಅಧಿಕಾರಿ, ಎಂಜಿನಿಯರ್. ಹೆಂಡತಿ ಕೂಡ ಬಂದಳು. ಯಾರೂ ಕರೆದಿರಲಿಲ್ಲ.

ಎಂಜಿನಿಯರ್ ಇವತ್ತು ಕಾಫಿ ತರಿಸಲಿಲ್ಲ. “ಏನ್ರೀ ಇದು? ಒಂದು ಚುಕ್ಕೆ ಹೆಚ್ಚಿಲ್ಲ ಕಮ್ಮಿ ಇಲ್ಲ ಅಂದೋರು ನೀವೇ. ಈಗ ಚುಕ್ಕೆ ಕಮ್ಮಿ ಇದೆ ಅನ್ನೋರೂ ನೀವೇ. ನಾಳೆ ಸೇತುವೆನೇ ಇಲ್ಲ ಅಂತೀರಾ?”

ನನ್ನ ಮಾತಿಗೆ ನನ್ನದೇ ಏಟು. ಅರ್ಹತೆ ಇತ್ತು, ತಿಂದೆ.

ಮೂರು ಸೆಕೆಂಡಿನದು, ಎಂಟು ಸೆಕೆಂಡಿನದು ಪಕ್ಕಪಕ್ಕ ಇಟ್ಟು ತೋರಿಸಿದೆ. ಹೊಸ ಕಾವಲುಗಾರನ ದೀಪ, ಒಂದರಲ್ಲಿ ಇದೆ, ಒಂದರಲ್ಲಿ ಇಲ್ಲ. ಅಧಿಕಾರಿ ಕನ್ನಡಕ ತೆಗೆದು ಹಾಕಿ ಮಾಡಿದರು. ಇನ್ನು ಆ ಸಂಜೆಯ ಪುಟ್ಟ ಚಿತ್ರ ತೆರೆಯಬೇಕು ಎನ್ನುವಷ್ಟರಲ್ಲಿ ಕೈ ತೋರಿ ತಡೆದರು. ಭಾಮೈದನ ಕಡೆ ತಿರುಗಿದರು.

“ನೀವು ಹೇಳಿ. ದೀಪ ಎಲ್ಲಿ ಹಾಕಿದ್ರಿ?”

“ಅವನು ಸಹಿ ಹಾಕಿದ್ದಾನೆ ಸಾರ್” ಎಂದ ಎಂಜಿನಿಯರ್.

“ಗೊತ್ತು. ಎಲ್ಲಿ ಹಾಕಿದ್ರಿ?”

ಭಾಮೈದ ಎದ್ದ. ಗೋಡೆಯ ಹತ್ತಿರ ಹೋದ. ಅಷ್ಟು ದೊಡ್ಡ ಚಿತ್ರದಲ್ಲಿ ಹೊಳೆ, ಸೇತುವೆ, ರಸ್ತೆ ಎಲ್ಲ ದಾಟಿ ಮೂಲೆಯ ಕತ್ತಲೆಗೆ ಬಂದ. ಗುಂಡಿಯ ಅಂಚು ಹುಡುಕಿದ. ಅಲ್ಲಿಂದ ಒಂದು ಗೇಣು ಎಡಕ್ಕೆ ಸರಿದು ಗಾಜಿನ ಮೇಲೆ ಹೆಬ್ಬೆಟ್ಟು ಒತ್ತಿದ.

“ಇಲ್ಲಿ.”

ಆಗ ಪುಟ್ಟ ಚಿತ್ರ ತೆರೆದೆ. ಅಧಿಕಾರಿ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಗೋಡೆಯ ಬಳಿ ನಿಂತರು. ಹೆಬ್ಬೆಟ್ಟು ನೋಡಿದರು. ಚುಕ್ಕೆ ನೋಡಿದರು. ಮತ್ತೆ ಹೆಬ್ಬೆಟ್ಟು.

“ಕೈ ತೆಗೀರಿ” ಎಂದರು ಮೆಲ್ಲಗೆ. ಅವನು ಆಗಲೂ ಒತ್ತಿಯೇ ನಿಂತಿದ್ದ.

ಹೆಂಡತಿ ತಮ್ಮನನ್ನು ನೋಡುತ್ತಿದ್ದಳು. ನನ್ನ ಕಡೆ ನೋಡಲಿಲ್ಲ. ನೋಡದಿದ್ದದ್ದೇ ಒಳ್ಳೆಯದಾಯಿತು.

ಏಪ್ರಿಲ್ 9, ಮಂಗಳವಾರ. ಬೆಳಿಗ್ಗೆ

ಬ್ಯಾಟರಿ ಚಾರ್ಜಿಗೆ ಇಟ್ಟೆ. ಬಿಳಿ ಪರದೆ ಒಗೆದು ಬಂದಿದೆ.

ಅಧಿಕಾರಿಯ ಆದೇಶ ನಿನ್ನೆ ಬಂತು. ಭಾಮೈದನ ತಪ್ಪಿಲ್ಲ, ಅವನಿಂದ ಬರೆಸಿಕೊಂಡ ಕಾಗದ ರದ್ದು. ಬೇಲಿ ಹಾಕದ್ದು ಕಂಪನಿಯ ತಪ್ಪು. ಕೆಲಸ ವಾಪಸ್ಸು ಕೊಡಿ ಎಂದೂ ಇದೆ. ಆದರೆ ಗುಂಡಿ ಮುಚ್ಚಿಬಿಟ್ಟಿದ್ದಾರೆ. ಇಲ್ಲದ ಗುಂಡಿಗೆ ಕಾವಲು ಯಾರಿಗೆ ಬೇಕು?

ಅವನು ಇವತ್ತೂ ಬ್ರೆಡ್ಡಿನ ಲೈನಿಗೆ ಹೋದ. “ಇನ್ಯಾಕೋ, ತಪ್ಪು ನಿಂದಲ್ಲ ಅಂತ ಆಯ್ತಲ್ಲ?” ಎಂದೆ. “ತಪ್ಪಿಗೂ ಬ್ರೆಡ್ಡಿಗೂ ಏನು ಸಂಬಂಧ ಭಾವ? ಜನ ಕಾಯ್ತಿರ್ತಾರೆ” ಅಂದ. ಬೆಳಕು ಹರಿಯುವ ಮುಂಚೆ ಎದ್ದು ಹೋಗುತ್ತಿದ್ದಾನೆ, ಯಾರೂ ಎಬ್ಬಿಸದೆ.

ಟೀಚರಮ್ಮನ ಶಾಲೆ ಯಾವುದೆಂದು ಸಂಘದವರನ್ನು ಕೇಳಿದ್ದೇನೆ. ಹೋಗಿ ಉತ್ತರ ಹೇಳಿ ಬರಬೇಕು. ಭಾನುವಾರ ಭಾಮೈದ ಊಟಕ್ಕೆ ಬರುವುದಿಲ್ಲವಂತೆ. ಮುಂದಿನ ಭಾನುವಾರ ನೋಡೋಣ ಎಂದನಂತೆ, ಅಕ್ಕನ ಹತ್ತಿರ.

ಲೆಕ್ಕ ಮುಚ್ಚುತ್ತೇನೆ. ಯಾರಿಗೆ ಏನು ದಕ್ಕಿತು:

ಕಂಪನಿಗೆ — ಗೋಡೆಗೊಂದು ಚಿತ್ರ. ಅದರ ಗಾಜಿನ ಮೇಲೆ ಒಂದು ಹೆಬ್ಬೆಟ್ಟಿನ ಗುರುತು, ಯಾರೂ ಒರೆಸಿರದಿದ್ದರೆ.

ಬ್ರೆಡ್ಡಿನವನಿಗೆ — ಆಸ್ಪತ್ರೆಯ ಖರ್ಚು ಕಂಪನಿಯಿಂದ. ಲೈನಿಗೆ ಒಬ್ಬ ಜೊತೆಗಾರ.

ಹೆಂಡತಿಗೆ — ಮೊದಲೇ ಗೊತ್ತಿದ್ದದ್ದು.

ಬೆಕ್ಕಿಗೆ — ನೆಮ್ಮದಿ.

ಅವನಿಗೆ — ತನ್ನ ನೆನಪು ವಾಪಸ್ಸು. ಆ ಅಡ್ಡಹೆಸರನ್ನು ಇನ್ನು ಈ ಪುಸ್ತಕದಲ್ಲಿ ಬರೆಯುವುದಿಲ್ಲ.

ನನಗೆ — ಬಾಗಿಲ ಗಂಟೆ. ಗಿರಾಕಿ ಬಂದರು. ಒಬ್ಬ ಮುದುಕರು, ಹಣೆಯ ಮೇಲೆ ಗಾಯದ ಕಲೆ ಇದೆ. ಇರಲೋ ಬೇಡವೋ, ಮೊದಲು ಅವರನ್ನೇ ಕೇಳುತ್ತೇನೆ.